ಕಾರ್ಖಾನೆಯ ಧೂಳಿಗೆ ಮಿತಿ ಬರೆಯುವವರು ಯಾರು?

ಗೊಂದಲ ಹುಟ್ಟಿದ ಜಾಗ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೆ ಜಾರಿಗೆ ತಂದಿತು. ವೇತನದ ವ್ಯಾಖ್ಯೆ, ಗ್ರಾಚ್ಯುಟಿ, ನೇಮಕಾತಿ ಪತ್ರ, ಕೆಲಸದಿಂದ ತೆಗೆಯುವ ನಿಯಮ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ 1948ರ ಕಾರ್ಖಾನೆಗಳ ಕಾಯ್ದೆಯೂ ಸೇರಿದಂತೆ 13 ಕಾಯ್ದೆಗಳ ಜಾಗಕ್ಕೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರ ಬಗ್ಗೆ ಸಾಮಾನ್ಯ ಓದುಗರಿಗೆ ತಲುಪಿದ್ದು ಒಂದೇ ಸಾಲು: 40 ವರ್ಷ ದಾಟಿದ ಎಲ್ಲ ಕಾರ್ಮಿಕರಿಗೂ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು.

ಇದು ಒಳ್ಳೆಯ ಸುದ್ದಿಯೇ. ಆದರೆ ಧೂಳು, ಹೊಗೆ, ರಾಸಾಯನಿಕ ಆವಿಗಳ ನಡುವೆ ಕೆಲಸ ಮಾಡುವವರ ಮಟ್ಟಿಗೆ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅವರು ಪಾಳಿಯುದ್ದಕ್ಕೂ ಉಸಿರಾಡುವ ಗಾಳಿಯಲ್ಲಿ ಏನು, ಎಷ್ಟು ಇದೆ ಎಂದು ಅಳೆಯುವವರು ಯಾರು, ಅಳೆದ ಅಂಕಿಯನ್ನು ಯಾವ ಮಿತಿಗೆ ಹೋಲಿಸಬೇಕು? ಹಳೆಯ ಕಾಯ್ದೆಯಲ್ಲಿ ಈ ಮಿತಿಗಳು ಕಾಯ್ದೆಯ ಅನುಸೂಚಿಯಲ್ಲೇ ಅಚ್ಚಾಗಿದ್ದವು. ಹೊಸ ಸಂಹಿತೆಯಲ್ಲಿ ಆ ಪಟ್ಟಿ ಇಲ್ಲ. ಮಿತಿಗಳನ್ನು ನಿಯಮಗಳ ಮೂಲಕ ನಿಗದಿಪಡಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗೆ ಹೋಗಿದೆ. ಕೆಲವರು ಇದನ್ನು ‘ರಕ್ಷಣೆಯೇ ರದ್ದಾಯಿತು’ ಎಂದು ಓದಿದ್ದಾರೆ, ಕೆಲವರು ‘ಏನೂ ಬದಲಾಗಿಲ್ಲ’ ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಭೋಪಾಲದ ನಂತರ ಬಂದ ಪಟ್ಟಿ

1948ರ ಕಾಯ್ದೆ ಮೊದಲಿನಿಂದಲೂ ಧೂಳು ಮತ್ತು ಹೊಗೆಯ ಬಗ್ಗೆ ಮಾತಾಡುತ್ತಿತ್ತು. ಆದರೆ ಅದರ ಭಾಷೆ ಸಾಮಾನ್ಯವಾಗಿತ್ತು: ಹಾನಿಕರವಾದ ಧೂಳು ಹುಟ್ಟುವ ಕಡೆ ಅದು ಶೇಖರವಾಗದಂತೆ, ಕಾರ್ಮಿಕರ ಉಸಿರಿಗೆ ಸೇರದಂತೆ ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕು ಎಂದಷ್ಟೇ ಹೇಳುತ್ತಿತ್ತು. ಎಷ್ಟು ಧೂಳು ಹಾನಿಕರ ಎಂಬುದಕ್ಕೆ ಕಾಯ್ದೆಯಲ್ಲಿ ಅಂಕಿ ಇರಲಿಲ್ಲ. ಅಂಕಿ ಇಲ್ಲದ ಕಡೆ ಇನ್ಸ್‌ಪೆಕ್ಟರ್ ‘ಧೂಳು ಜಾಸ್ತಿಯಿದೆ’ ಎನ್ನುತ್ತಾರೆ, ಮಾಲೀಕರು ‘ಇಂಥ ಕೆಲಸದಲ್ಲಿ ಇಷ್ಟು ಇದ್ದೇ ಇರುತ್ತದೆ’ ಎನ್ನುತ್ತಾರೆ, ವಾದ ಅಲ್ಲಿಗೆ ನಿಲ್ಲುತ್ತದೆ.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಸೋರಿದ ನಂತರ ಈ ಸ್ಥಿತಿ ಬದಲಾಯಿತು. 1987ರ ತಿದ್ದುಪಡಿ ಅಪಾಯಕಾರಿ ಪ್ರಕ್ರಿಯೆಗಳಿಗೆಂದೇ ಹೊಸ ಅಧ್ಯಾಯವನ್ನು ಸೇರಿಸಿತು. ಯಾವ ಉದ್ಯಮಗಳು ಅಪಾಯಕಾರಿ ಎಂಬ ಪಟ್ಟಿ ಬಂತು. ಅದರಲ್ಲಿ ಎರಕದ ಕಾರ್ಖಾನೆಗಳು, ಅಂದರೆ ಫೌಂಡ್ರಿಗಳೂ ಇವೆ. ಬಳಸುವ ವಸ್ತುಗಳ ಅಪಾಯವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸುವ ಹೊಣೆ ಮಾಲೀಕರ ಮೇಲೆ ಬಿತ್ತು. ಅಂಥ ಕೆಲಸಕ್ಕೆ ಹಚ್ಚುವ ಮೊದಲು ಮತ್ತು ಆನಂತರ 12 ತಿಂಗಳಿಗೆ ಮೀರದ ಅಂತರದಲ್ಲಿ ವೈದ್ಯಕೀಯ ತಪಾಸಣೆ ಕಡ್ಡಾಯವಾಯಿತು. ಇವೆಲ್ಲದರ ಜೊತೆಗೆ ಎರಡನೇ ಅನುಸೂಚಿಯಲ್ಲಿ, ಕೆಲಸದ ಜಾಗದ ಗಾಳಿಯಲ್ಲಿ ಒಂದೊಂದು ರಾಸಾಯನಿಕವೂ ಗರಿಷ್ಠ ಎಷ್ಟಿರಬಹುದು ಎಂಬ ಕೋಷ್ಟಕ ಸೇರಿತು. ಸೀಸದ ಧೂಳಿಗೆ ಘನ ಮೀಟರಿಗೆ 0.15 ಮಿಲಿಗ್ರಾಂ, ಹತ್ತಿಯ ಧೂಳಿಗೆ 0.2 ಮಿಲಿಗ್ರಾಂ, ಕಲ್ನಾರಿಗೆ (ಆಸ್ಬೆಸ್ಟಾಸ್) ಒಂದು ಮಿಲಿಲೀಟರ್ ಗಾಳಿಯಲ್ಲಿ ಒಂದು ಎಳೆ, ಹೀಗೆ. ವಾದಕ್ಕೆ ಒಂದು ಅಳತೆಗೋಲು ಸಿಕ್ಕಿತು.

ಧೂಳೆಲ್ಲ ಒಂದೇ ಅಲ್ಲ

ಈ ಕೋಷ್ಟಕವನ್ನು ಅರ್ಥ ಮಾಡಿಕೊಳ್ಳಲು ಫೌಂಡ್ರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೆಳಗಾವಿಯ ಉದ್ಯಮಬಾಗ್‌ನಿಂದ ಶಿವಮೊಗ್ಗದವರೆಗೆ, ಬೆಂಗಳೂರಿನ ಪೀಣ್ಯದಲ್ಲಿ, ಪಂಪು, ಮೋಟಾರು, ವಾಹನಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ಸಣ್ಣ-ದೊಡ್ಡ ಘಟಕಗಳು ಕರ್ನಾಟಕದಲ್ಲಿ ಬಹಳ ಇವೆ. ಎರಕದ ಅಚ್ಚು ಆಗುವುದು ಮರಳಿನಿಂದ, ಮರಳಿನ ಬಹುಭಾಗ ಬೆಣಚುಕಲ್ಲಿನ ಕಣ, ಅಂದರೆ ಸ್ಫಟಿಕ ರೂಪದ ಸಿಲಿಕಾ.

ಮರಳು ಕಾಳು ಕಾಳಾಗಿದ್ದಾಗ ಅಷ್ಟು ತೊಂದರೆಯಿಲ್ಲ. ಕಾದ ಲೋಹ ಸುರಿದಾಗ ಶಾಖಕ್ಕೆ ಕಾಳುಗಳು ಸೀಳುತ್ತವೆ. ತಣಿದ ಮೇಲೆ ಅಚ್ಚು ಒಡೆದು ಎರಕವನ್ನು ಹೊರತೆಗೆಯುವಾಗ ಅವು ಪುಡಿಯಾಗಿ ಏಳುತ್ತವೆ. ಎರಕಕ್ಕೆ ಸುಟ್ಟು ಅಂಟಿಕೊಂಡ ಮರಳನ್ನು ಗ್ರೈಂಡಿಂಗ್ ಚಕ್ರದಿಂದ ಉಜ್ಜಿ ತೆಗೆಯುವ ‘ಫೆಟ್ಲಿಂಗ್’ ಕೆಲಸದಲ್ಲಿ ಇನ್ನೂ ನುಣ್ಣಗಾಗುತ್ತವೆ. ಹತ್ತು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೊಡ್ಡ ಕಣಗಳನ್ನು ಮೂಗು, ಗಂಟಲು ಹೆಚ್ಚುಕಡಿಮೆ ತಡೆದುಬಿಡುತ್ತವೆ. ಸುಮಾರು ನಾಲ್ಕು ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅಲ್ಲಿ ಅವನ್ನು ನುಂಗಿ ತೆಗೆಯಲು ಬರುವ ರಕ್ಷಕ ಜೀವಕೋಶಗಳು ಸಿಲಿಕಾವನ್ನು ಕರಗಿಸಲಾರದೆ ತಾವೇ ಸಾಯುತ್ತವೆ, ಉರಿಯೂತ ಹುಟ್ಟುತ್ತದೆ, ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು. ಎಕ್ಸ್‌ರೇಯಲ್ಲಿ ಎರಡೂ ಒಂದರಂತೆ ಇನ್ನೊಂದು ಕಾಣುವುದರಿಂದ ಎಷ್ಟೋ ಸಿಲಿಕೋಸಿಸ್ ರೋಗಿಗಳು ಕ್ಷಯದ ಮಾತ್ರೆ ನುಂಗುತ್ತಲೇ ಕಾಲ ಕಳೆಯುತ್ತಾರೆ. ಕರ್ನಾಟಕಕ್ಕೆ ಈ ರೋಗ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಇದು ಕಳೆದ ಶತಮಾನದ ಮೊದಲರ್ಧದಲ್ಲೇ ದಾಖಲಾಗಿತ್ತು.

ಆದ್ದರಿಂದಲೇ ಎರಡನೇ ಅನುಸೂಚಿ ಸಿಲಿಕಾಕ್ಕೆ ಒಂದೇ ಅಂಕಿ ಕೊಡದೆ ಸೂತ್ರ ಕೊಟ್ಟಿತ್ತು. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ನುಣುಪು ಧೂಳಿನಲ್ಲಿ ಬೆಣಚು ಶೇಕಡಾ ಎಷ್ಟಿದೆ ಎಂದು ನೋಡಿ, ಅದಕ್ಕೆ 2 ಕೂಡಿಸಿ, ಆ ಮೊತ್ತದಿಂದ 10ನ್ನು ಭಾಗಿಸಬೇಕು. ಬರುವ ಉತ್ತರವೇ ಘನ ಮೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಆ ಧೂಳಿನ ಮಿತಿ. ಧೂಳಿನಲ್ಲಿ ಬೆಣಚು ಶೇ 5 ಇದ್ದರೆ ಮಿತಿ ಸುಮಾರು 1.43 ಮಿಲಿಗ್ರಾಂ. ಶೇ 20 ಇದ್ದರೆ 10ನ್ನು 22ರಿಂದ ಭಾಗಿಸಿ ಸುಮಾರು 0.45 ಮಿಲಿಗ್ರಾಂ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಧೂಳುಗಳ ಮಿತಿ ಮೂರು ಪಟ್ಟು ಬೇರೆಯಾಗಬಹುದು. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬಾರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಅತಿ ಹೆಚ್ಚು ಕೆಡುಕು ಮಾಡುವ ಕಣಗಳು ಮಾಮೂಲಿ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಅಳತೆ ನಡೆಯುವ ಬಗೆ

ಸರಿಯಾಗಿ ನಡೆದಾಗ ಈ ಅಳತೆ ಹೀಗಿರುತ್ತದೆ. ಪ್ರಯೋಗಾಲಯದಲ್ಲಿ ತೇವಾಂಶ ಹತೋಟಿಯಲ್ಲಿರುವ ಕೋಣೆಯೊಳಗೆ ಒಂದು ತೆಳು ಫಿಲ್ಟರನ್ನು ಇರಿಸಿ, ಮಿಲಿಗ್ರಾಂನ ಸಾವಿರದ ಒಂದು ಭಾಗವನ್ನೂ ಗುರುತಿಸುವ ತಕ್ಕಡಿಯಲ್ಲಿ ತೂಗುತ್ತಾರೆ. ಅದನ್ನು ಬೆರಳುದ್ದದ ‘ಸೈಕ್ಲೋನ್’ ಎಂಬ ಸಾಧನಕ್ಕೆ ಜೋಡಿಸುತ್ತಾರೆ. ಒಳಗೆ ಸುಳಿಯಾಗಿ ತಿರುಗುವ ಗಾಳಿ ದಪ್ಪ ಕಣಗಳನ್ನು ಕೆಳಗೆ ಉದುರಿಸಿ ನುಣುಪು ಕಣಗಳನ್ನು ಮಾತ್ರ ಫಿಲ್ಟರಿಗೆ ಬಿಡುತ್ತದೆ. ಪಾಳಿ ಶುರುವಾಗುವ ಮುನ್ನ ಇದನ್ನು ಕಾರ್ಮಿಕನ ಕಾಲರಿಗೆ, ಮೂಗಿನಿಂದ ಒಂದು ಅಡಿಯೊಳಗೆ ಸಿಕ್ಕಿಸುತ್ತಾರೆ. ಬೆನ್ನ ಮೇಲಿಂದ ಇಳಿದ ಕೊಳವೆ ಸೊಂಟದ ಬೆಲ್ಟಿನಲ್ಲಿರುವ ಬ್ಯಾಟರಿ ಪಂಪಿಗೆ ಸೇರುತ್ತದೆ. ಆ ಮಾದರಿಯ ಸೈಕ್ಲೋನಿಗೆ ನಿಗದಿಯಾದ ವೇಗದಲ್ಲಿ, ಉದಾಹರಣೆಗೆ ನಿಮಿಷಕ್ಕೆ 1.7 ಲೀಟರಿನಂತೆ, ಪಂಪು ದಿನವಿಡೀ ಗಾಳಿ ಎಳೆಯುತ್ತದೆ. ಕಾರ್ಮಿಕ ಎಂದಿನಂತೆ ಕೆಲಸ ಮಾಡುತ್ತಾನೆ: ಬಾಗುತ್ತಾನೆ, ಚಕ್ರದ ಮುಂದೆ ನಿಲ್ಲುತ್ತಾನೆ, ಚಹಾಕ್ಕೆ ಹೋಗಿ ಬರುತ್ತಾನೆ. ಅವನ ಮೂಗಿಗೆ ಬಂದ ಗಾಳಿಯೇ ಫಿಲ್ಟರಿಗೂ ಬರುತ್ತದೆ.

ಎಂಟು ಗಂಟೆಯಲ್ಲಿ ಪಂಪು ಎಳೆಯುವುದು 816 ಲೀಟರ್, ಒಂದು ಘನ ಮೀಟರಿಗಿಂತ ಸ್ವಲ್ಪ ಕಡಿಮೆ. ಮೇಲೆ ಹೇಳಿದ ಶೇ 20ರ ಧೂಳು ಸರಿಯಾಗಿ ಮಿತಿಯಲ್ಲೇ ಇದ್ದರೆ ಫಿಲ್ಟರಿನ ತೂಕ ಏರುವುದು ಸುಮಾರು 0.37 ಮಿಲಿಗ್ರಾಂ, ಅದರಲ್ಲಿ ಬೆಣಚು 0.07 ಮಿಲಿಗ್ರಾಂನಷ್ಟು. ಇಷ್ಟು ಅಲ್ಪ ಪ್ರಮಾಣವನ್ನು ಎಕ್ಸ್‌ರೇ ಡಿಫ್ರಾಕ್ಷನ್ ಅಥವಾ ಇನ್‌ಫ್ರಾರೆಡ್ ವಿಧಾನದಿಂದ ಗುರುತಿಸಬೇಕು. ಪಂಪಿನ ವೇಗವನ್ನು ಪಾಳಿಯ ಮೊದಲೂ ಕೊನೆಗೂ ಪರೀಕ್ಷಿಸಬೇಕು. ಏರುಪೇರಾಗಿದ್ದರೆ ಆ ಮಾದರಿಯನ್ನು ಕೈಬಿಡಬೇಕು. ಗಾಳಿ ಎಳೆಯದ ಒಂದು ಫಿಲ್ಟರನ್ನೂ ಜೊತೆಯಲ್ಲಿ ಒಯ್ದು ತಂದು ತೂಗಿ, ಸಾಗಣೆಯಲ್ಲೇ ಕೊಳೆ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಷ್ಟು ವಿವರ ಕೊಡಲು ಕಾರಣವಿದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಅಂಕಿ ಕೆಳಗಿಳಿಯಬಹುದು, ಅಂಕಿ ಕೆಳಗಿಳಿದರೆ ಕಾಗದದ ಮೇಲೆ ಕಾರ್ಖಾನೆ ಸುರಕ್ಷಿತವಾಗುತ್ತದೆ. ಕಾರ್ಮಿಕನ ಕಾಲರಿನ ಬದಲು ಬಾಗಿಲ ಬಳಿಯ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟರೆ ಹೊರಗಿನ ಗಾಳಿಯೂ ಬೆರೆತು ಅಳತೆ ಹಗುರಾಗುತ್ತದೆ. ಇಡೀ ಪಾಳಿಯ ಬದಲು ಅರ್ಧ ಗಂಟೆ ಅಳೆದರೆ, ಅಚ್ಚು ಒಡೆಯುವ ಹೊತ್ತು ಅದರಲ್ಲಿ ಬರದೇ ಹೋಗಬಹುದು. ಒಟ್ಟು ಧೂಳನ್ನು ಮಾತ್ರ ತೂಗಿ ಬೆಣಚಿನ ಪ್ರಮಾಣ ನೋಡದಿದ್ದರೆ ಯಾವ ಮಿತಿಗೆ ಹೋಲಿಸಬೇಕು ಎಂಬುದೇ ಗೊತ್ತಾಗುವುದಿಲ್ಲ. ಕಾಯಂ ನೌಕರರ ಕಾಲರಿಗೆ ಪಂಪು ಕಟ್ಟಿ, ಫೆಟ್ಲಿಂಗ್ ಮಾಡುವ ಗುತ್ತಿಗೆಯವರನ್ನು ಬಿಟ್ಟರೆ, ಅತಿ ಹೆಚ್ಚು ಧೂಳು ಕುಡಿಯುವವರೇ ಲೆಕ್ಕದಿಂದ ಹೊರಗುಳಿಯುತ್ತಾರೆ. ವರದಿಯಲ್ಲಿ ಕೊನೆಗೆ ಉಳಿಯುವುದು ಅಂಕಿ ಮಾತ್ರ. ಅದನ್ನು ಎಲ್ಲಿ, ಯಾರ ಮೇಲೆ, ಎಷ್ಟು ಹೊತ್ತು ಅಳೆದರು ಎಂಬುದು ನಮೂದಾಗದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಈಚೆಗೆ ಗೋಡೆಗೆ ತೂಗುಹಾಕುವ ಅಗ್ಗದ ಸೆನ್ಸರುಗಳು ಬಂದಿವೆ. ಬೆಳಕು ಚದುರುವುದನ್ನು ನೋಡಿ ಅವು ಧೂಳಿನ ಪ್ರಮಾಣವನ್ನು ಕ್ಷಣಕ್ಷಣಕ್ಕೂ ತೋರಿಸುತ್ತವೆ. ಯಾವ ಹೊತ್ತಿನಲ್ಲಿ, ಯಾವ ಯಂತ್ರದ ಬಳಿ ಧೂಳು ಏಳುತ್ತಿದೆ ಎಂದು ಹುಡುಕಲು ಇವು ನಿಜಕ್ಕೂ ಉಪಯುಕ್ತ. ಆದರೆ ಅವುಗಳಿಗೆ ಬೆಣಚಿನ ಪುಡಿಗೂ ಇತರ ಪುಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಫಿಲ್ಟರ್ ಮತ್ತು ಪ್ರಯೋಗಾಲಯದ ಜಾಗವನ್ನು ಅವು ತುಂಬಲಾರವು.

ಅನಿಲ ಮತ್ತು ಆವಿಯ ಲೆಕ್ಕ

ರಾಸಾಯನಿಕ ಆವಿಗಳಿಗೆ ಇದ್ದಿಲಿನ ಪುಡಿ ತುಂಬಿದ ಕೊಳವೆ, ಬಣ್ಣ ಬದಲಿಸುವ ಗಾಜಿನ ನಳಿಕೆ, ವಿದ್ಯುದ್ರಾಸಾಯನಿಕ ಸೆನ್ಸರ್ ಇತ್ಯಾದಿ ಸಾಧನಗಳಿವೆ. ಇಲ್ಲಿ ಮಿತಿಗಳು ಸಾಮಾನ್ಯವಾಗಿ ಎರಡು. ಒಂದು ಎಂಟು ಗಂಟೆಯ ಸರಾಸರಿಗೆ, ಇನ್ನೊಂದು ಹದಿನೈದು ನಿಮಿಷದ ಏರಿಕೆಗೆ. ಹಳೆಯ ಅನುಸೂಚಿಯಲ್ಲಿ ಅಮೋನಿಯಾಕ್ಕೆ ಸರಾಸರಿ ಮಿತಿ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ. ಹದಿನೈದು ನಿಮಿಷದ ಮಿತಿ 35 ಪಿಪಿಎಂ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಇಂಥ ಏರಿಕೆ ಆಗಕೂಡದು, ಎರಡರ ನಡುವೆ ಕನಿಷ್ಠ 60 ನಿಮಿಷದ ಅಂತರ ಇರಬೇಕು. ದಿನದ ಸರಾಸರಿ ಚೆನ್ನಾಗಿದ್ದೂ, ರಿಯಾಕ್ಟರಿನ ಮುಚ್ಚಳ ತೆಗೆಯುವ ಹತ್ತು ನಿಮಿಷದಲ್ಲಿ ಕಾರ್ಮಿಕ ಉಸಿರುಗಟ್ಟಿ ಬೀಳಬಹುದು ಎಂಬ ಕಾರಣಕ್ಕೆ ಎರಡು ಮಿತಿಗಳು ಬೇಕಾಗುತ್ತವೆ.

ನಗರದ ಗಾಳಿಯ ಸೂಚ್ಯಂಕ ಇಲ್ಲಿ ನಡೆಯದು

ಮಾಲಿನ್ಯ ನಿಯಂತ್ರಣ ಮಂಡಳಿ ಹೊಗೆಗೊಳವೆಯನ್ನೂ ಆವರಣದ ಗಾಳಿಯನ್ನೂ ಪರೀಕ್ಷಿಸುತ್ತದಲ್ಲ, ಮತ್ತೆ ಇದೇಕೆ ಎಂದು ಕೇಳುವವರಿದ್ದಾರೆ. ಮಂಡಳಿ ನೋಡುವುದು ಕಾರ್ಖಾನೆಯಿಂದ ಹೊರಬಂದು ಊರಿಗೆ ಹೋಗುವ ಗಾಳಿಯನ್ನು. ಹತ್ತು ಮೈಕ್ರಾನಿನೊಳಗಿನ ಕಣಗಳಿಗೆ ಅಲ್ಲಿರುವ ರಾಷ್ಟ್ರೀಯ ಮಾನದಂಡ 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಫೌಂಡ್ರಿಯೊಳಗೆ ಮೇಲಿನ ಲೆಕ್ಕದಂತೆ ಅದಕ್ಕಿಂತಲೂ ನುಣುಪಾದ ಧೂಳು 450 ಮೈಕ್ರೋಗ್ರಾಂವರೆಗೆ ಇರಬಹುದು. ಹೊರಗಿನ ಮಾನದಂಡ ಮಕ್ಕಳು, ವೃದ್ಧರು, ರೋಗಿಗಳು ಹಗಲಿರುಳು ಉಸಿರಾಡುವುದನ್ನು ಗಮನದಲ್ಲಿಟ್ಟದ್ದು. ಒಳಗಿನದು ವಯಸ್ಕರ ಎಂಟು ಗಂಟೆಗೆ ಎಂಬ ವಿವರಣೆ ಇದೆ. ವಿವರಣೆ ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ಧೂಳು ಹೀರುವ ಯಂತ್ರ ಹೊಗೆಗೊಳವೆಗೆ ಜೋಡಿಸಿದ್ದರಿಂದ ಊರಿನ ಗಾಳಿ ಶುದ್ಧವಾದ ಮಾತ್ರಕ್ಕೆ ಚಕ್ರದ ಮುಂದೆ ನಿಂತವನ ಗಾಳಿ ಶುದ್ಧವಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಅಳತೆ ಬೇಕು.

ಮಿತಿ ಬರೆಯುವ ಕೈ ಬದಲಾದಾಗ

ಈಗ ಸಂಹಿತೆಗೆ ಬರೋಣ. ಹಳೆಯ ಕಾಯ್ದೆಯ ಮೊದಲ ಅನುಸೂಚಿ, ಅಂದರೆ ಅಪಾಯಕಾರಿ ಉದ್ಯಮಗಳ ಪಟ್ಟಿ, ಸಂಹಿತೆಯಲ್ಲೂ ಇದೆ. ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯೂ ಇದೆ, ಅದರಲ್ಲಿ ಸಿಲಿಕೋಸಿಸ್ ಇದೆ. ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಕೇಳಿ ಪಡೆಯುವ ಹಕ್ಕು ನೌಕರನಿಗಿದೆ. ಹೊಸ ವ್ಯವಸ್ಥೆ ನೆಲೆಗೊಳ್ಳುವವರೆಗೆ ಹಳೆಯ ನಿಯಮಗಳು ಮುಂದುವರಿಯುತ್ತವೆ ಎಂದು ಸರ್ಕಾರ ಹೇಳಿದೆ. ಆದ್ದರಿಂದ ‘ರಕ್ಷಣೆ ರದ್ದಾಯಿತು’ ಎಂಬುದು ಅವಸರದ ಮಾತು.

ಬದಲಾಗಿದ್ದು ಎರಡನೇ ಅನುಸೂಚಿ. ಹಿಂದೆ ಅದನ್ನು ಬದಲಿಸುವ ಅಧಿಕಾರ ಕೇಂದ್ರಕ್ಕಿತ್ತು, ದೇಶಕ್ಕೆಲ್ಲ ಒಂದೇ ಕೋಷ್ಟಕ ಇತ್ತು. ಈಗ ಮಿತಿಗಳು ರಾಜ್ಯ ನಿಯಮಗಳಲ್ಲಿ ಬರಬೇಕು. ಇದನ್ನು ಬೆಂಬಲಿಸುವವರ ವಾದದಲ್ಲಿ ಹುರುಳಿದೆ. ಕಾಯ್ದೆಗೆ ಅಂಟಿಕೊಂಡ ಕೋಷ್ಟಕ ಎಷ್ಟು ಜಡವಾಗಬಲ್ಲದು ಎಂಬುದಕ್ಕೆ ಸಿಲಿಕಾವೇ ಸಾಕ್ಷಿ. ನಮ್ಮ ಸೂತ್ರ ಅಮೆರಿಕದ ಹಳೆಯ ಸೂತ್ರವೇ. ಅಲ್ಲಿ 2016ರಲ್ಲಿ ಅದನ್ನು ಕೈಬಿಟ್ಟು, ಧೂಳಿನಲ್ಲಿ ಬೆಣಚು ಶೇಕಡಾ ಎಷ್ಟೇ ಇರಲಿ, ಬೆಣಚಿನ ಮಿತಿ ಘನ ಮೀಟರಿಗೆ 0.05 ಮಿಲಿಗ್ರಾಂ ಎಂದು ಗೊತ್ತುಪಡಿಸಿದರು. ನಮ್ಮ ಸೂತ್ರದಂತೆ ಶೇ 20ರ ಧೂಳಿನಲ್ಲಿ ಬೆಣಚು 0.09 ಮಿಲಿಗ್ರಾಂವರೆಗೆ ಇರಬಹುದು, ಹೆಚ್ಚುಕಡಿಮೆ ಎರಡು ಪಟ್ಟು. ಸೀಸದಲ್ಲಿ ನಮ್ಮ ಮಿತಿ ಅವರದಕ್ಕಿಂತ ಮೂರು ಪಟ್ಟು, ಕಲ್ನಾರಿನಲ್ಲಿ ಹತ್ತು ಪಟ್ಟು ಸಡಿಲ. ನಿಯಮದಲ್ಲಿದ್ದರೆ ಬೇಗ ಬಿಗಿಗೊಳಿಸಬಹುದು, ಮುಂದಾಲೋಚನೆಯುಳ್ಳ ರಾಜ್ಯ ಉಳಿದವರಿಗೆ ಮಾದರಿಯಾಗಬಹುದು ಎಂಬುದು ಅವರ ನಿರೀಕ್ಷೆ.

ವಿರೋಧಿಸುವವರ ಆತಂಕ ಇದರ ಇನ್ನೊಂದು ಮುಖ. ಬೇಗ ಬಿಗಿಗೊಳಿಸಬಹುದಾದದ್ದನ್ನು ಅಷ್ಟೇ ಬೇಗ ಸಡಿಲಿಸಲೂಬಹುದು. ರಾಜ್ಯಗಳು ಬಂಡವಾಳಕ್ಕಾಗಿ ಪೈಪೋಟಿ ನಡೆಸುತ್ತಿರುವಾಗ, ನೆರೆಯ ರಾಜ್ಯದ ಮಿತಿ ಸಡಿಲವಾಗಿದ್ದರೆ ಇಲ್ಲಿಯ ಮಿತಿಯನ್ನು ಬಿಗಿಗೊಳಿಸಲು ಸರ್ಕಾರ ಹಿಂಜರಿಯುತ್ತದೆ. ಬೆಳಗಾವಿಯ ಫೌಂಡ್ರಿಗೂ ಕೊಲ್ಹಾಪುರದ ಫೌಂಡ್ರಿಗೂ ಒಂದೇ ಗಿರಾಕಿಗಳಿದ್ದಾಗ ಈ ಒತ್ತಡ ಕಲ್ಪನೆಯದಲ್ಲ. ಶ್ವಾಸಕೋಶಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಮಿತಿಯ ತಳಹದಿ ದೇಶಕ್ಕೆಲ್ಲ ಒಂದೇ ಆಗಿದ್ದು, ಅದಕ್ಕಿಂತ ಬಿಗಿಯಾಗುವ ಸ್ವಾತಂತ್ರ್ಯ ಮಾತ್ರ ರಾಜ್ಯಗಳಿಗೆ ಇರುವುದೇ ಸರಿಯಾದ ಏರ್ಪಾಡು. ಸುರಕ್ಷತಾ ಮಾನದಂಡಗಳನ್ನು ಘೋಷಿಸುವ ಅಧಿಕಾರ ಸಂಹಿತೆಯಡಿ ಕೇಂದ್ರಕ್ಕೂ ಇರುವುದರಿಂದ ಅಂಥ ತಳಹದಿ ಹಾಕಲು ಕಾನೂನಿನ ಅಡ್ಡಿಯೇನೂ ಕಾಣುವುದಿಲ್ಲ.

ಇಪ್ಪತ್ತು ಮಂದಿಯ ಗೆರೆ

ಹಿಂದೆ ವಿದ್ಯುತ್ ಬಳಸುವ ಘಟಕದಲ್ಲಿ 10 ಮಂದಿ, ಬಳಸದ ಘಟಕದಲ್ಲಿ 20 ಮಂದಿ ಇದ್ದರೆ ಅದು ‘ಕಾರ್ಖಾನೆ’. ಈಗ ಆ ಅಂಕಿ 20 ಮತ್ತು 40. ಸಣ್ಣ ಉದ್ಯಮಿಗಳಿಗೆ ಇದು ನಿಜವಾದ ನಿರಾಳ: ರಿಜಿಸ್ಟರು, ಪರವಾನಗಿ, ಓಡಾಟ ಕಡಿಮೆಯಾಗುತ್ತದೆ. ಸಂಹಿತೆಯ ಸಾಮಾನ್ಯ ಹೊಣೆಗಳು 10 ಮಂದಿಯಿರುವ ಸಂಸ್ಥೆಗಳಿಗೂ ಅನ್ವಯಿಸುತ್ತವೆ, ಅಪಾಯಕಾರಿ ಕೆಲಸವಿದ್ದರೆ ಅಧಿಸೂಚನೆ ಹೊರಡಿಸಿ ಒಬ್ಬನೇ ಕಾರ್ಮಿಕನಿರುವ ಕಡೆಗೂ ವಿಸ್ತರಿಸಬಹುದು ಎಂದು ಸರ್ಕಾರ ಸಮಜಾಯಿಷಿ ಕೊಡುತ್ತದೆ.

ಆದರೆ ಗಾಳಿಯ ರಾಸಾಯನಿಕ ಮಿತಿ ಕಾರ್ಖಾನೆಗಳ ಭಾಗದಲ್ಲಿದೆ. ಹದಿನೈದು ಮಂದಿಯ ಫೆಟ್ಲಿಂಗ್ ಶೆಡ್ಡು, ಹನ್ನೆರಡು ಮಂದಿಯ ಗ್ರಾನೈಟ್ ಪಾಲಿಶ್ ಘಟಕ, ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಗಲ್ಲಿಯ ಮಳಿಗೆ, ಇವು ವಿಶೇಷ ಅಧಿಸೂಚನೆ ಬರದ ಹೊರತು ಆ ಭಾಗದ ಆಚೆಗೆ ಉಳಿಯುತ್ತವೆ. ದೊಡ್ಡ ಘಟಕಗಳು ಧೂಳಿನ ಕೆಲಸವನ್ನೇ ಹೊರಗೆ ಕೊಡುವುದು ಸಾಮಾನ್ಯ. ಹಾಗಾಗಿ ಅತಿ ಧೂಳಿನ ಕೆಲಸ ಅತಿ ಸಣ್ಣ ಶೆಡ್ಡಿಗೆ ಹರಿದುಹೋಗುತ್ತದೆ. ಕಾನೂನು ಗೆರೆ ಎಳೆದದ್ದು ತಲೆಯೆಣಿಕೆಯ ಮೇಲೆ, ಅಪಾಯ ಇರುವುದು ಗಾಳಿಯಲ್ಲಿ.

ಸಣ್ಣ ಮಾಲೀಕರ ಕಷ್ಟವೂ ಸುಳ್ಳಲ್ಲ. ಬೆಣಚಿನ ವಿಶ್ಲೇಷಣೆ ಮಾಡಬಲ್ಲ ಪ್ರಯೋಗಾಲಯಗಳು ಎಲ್ಲ ಜಿಲ್ಲೆಗಳಲ್ಲೂ ಇಲ್ಲ, ಖರ್ಚು ಅವರಿಗೆ ಭಾರ. ಒಂದೇ ಕೈಗಾರಿಕಾ ಪ್ರದೇಶದ ಘಟಕಗಳೆಲ್ಲ ಸೇರಿ ಒಂದು ಅಳತೆ ತಂಡ ಇಟ್ಟುಕೊಳ್ಳುವ ವ್ಯವಸ್ಥೆಗೆ ಸರ್ಕಾರ ನೆರವಾದರೆ ಈ ಅಡ್ಡಿ ದಾಟಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ತಾಂತ್ರಿಕ ಮಾರ್ಗದರ್ಶನಕ್ಕೆ ದೂರ ಹೋಗಬೇಕಿಲ್ಲ.

ಸಂಹಿತೆಯಲ್ಲಿ ಇನ್ಸ್‌ಪೆಕ್ಟರ್ ಈಗ ‘ಇನ್ಸ್‌ಪೆಕ್ಟರ್ ಮತ್ತು ಫೆಸಿಲಿಟೇಟರ್’. ತಪಾಸಣೆಯ ಸರದಿಯನ್ನು ಕಂಪ್ಯೂಟರ್ ಆರಿಸುತ್ತದೆ. ಕೆಲವು ವರ್ಗದ ಸಂಸ್ಥೆಗಳಿಗೆ ಮೂರನೆಯವರ ಲೆಕ್ಕಪರಿಶೋಧನೆಗೆ ಅವಕಾಶವಿದೆ. ಕಿರುಕುಳ, ಲಂಚ ತಪ್ಪುತ್ತದೆ ಎಂದು ಉದ್ಯಮ ಸ್ವಾಗತಿಸಿದೆ. ಆದರೆ ಅಳೆಯುವ ಸಂಸ್ಥೆಗೆ ಹಣ ಕೊಡುವವರು ಮಾಲೀಕರೇ ಆಗಿದ್ದು, ಮುಂದಿನ ವರ್ಷದ ಕೆಲಸ ಕೊಡುವವರೂ ಅವರೇ ಆದರೆ, ಯಂತ್ರ ಕಾಲರಿನಿಂದ ಬಾಗಿಲ ಕಡೆಗೆ ಸರಿಯಲು ಹೆಚ್ಚು ಕಾಲ ಬೇಕಾಗದು. ಶುಲ್ಕವನ್ನು ಒಂದು ನಿಧಿಗೆ ಕಟ್ಟಿಸಿಕೊಂಡು ಅಳೆಯುವವರನ್ನು ಕಾರ್ಖಾನೆ, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯೇ ನಿಯೋಜಿಸಿದರೆ ಈ ಸಂಶಯಕ್ಕೆ ಎಡೆಯಿರುವುದಿಲ್ಲ.

ಹನ್ನೆರಡು ಗಂಟೆಯ ಪಾಳಿ

ಮಿತಿಗಳೆಲ್ಲ ಎಂಟು ಗಂಟೆಯ ಕೆಲಸ, ಹದಿನಾರು ಗಂಟೆಯ ಬಿಡುವು ಎಂಬ ಲೆಕ್ಕದ ಮೇಲೆ ನಿಂತಿವೆ. ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗಿನ ಪಾಳಿಗೆ ಅವಕಾಶ ಕೊಟ್ಟಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಪಾಳಿ ಉದ್ದವಾದಾಗ ದೇಹಕ್ಕೆ ಸೇರುವುದು ಹೆಚ್ಚಾಗುತ್ತದೆ, ಸೇರಿದ್ದು ಹೊರಹೋಗಲು ಸಿಗುವ ಸಮಯ ಕಡಿಮೆಯಾಗುತ್ತದೆ. ಇದನ್ನು ಸರಿದೂಗಿಸಲು ಬ್ರೀಫ್ ಮತ್ತು ಸ್ಕಾಲಾ ಎಂಬ ಸೂತ್ರ ಬಳಕೆಯಲ್ಲಿದೆ. ಹನ್ನೆರಡು ಗಂಟೆಯ ಪಾಳಿಗೆ, 8ನ್ನು 12ರಿಂದ ಭಾಗಿಸಿ, ಅದನ್ನು ಉಳಿಯುವ ಬಿಡುವಾದ 12ನ್ನು ಮಾಮೂಲಿ ಬಿಡುವಾದ 16ರಿಂದ ಭಾಗಿಸಿದ್ದರೊಂದಿಗೆ ಗುಣಿಸಿದರೆ ಸರಿಯಾಗಿ ಅರ್ಧ ಬರುತ್ತದೆ. ಬಣ್ಣದ ಥಿನ್ನರಿನಲ್ಲಿರುವ ಟಾಲ್ಯೂಯಿನ್‌ಗೆ ಹಳೆಯ ಅನುಸೂಚಿಯ ಮಿತಿ 100 ಪಿಪಿಎಂ. ಹನ್ನೆರಡು ಗಂಟೆಯ ಪಾಳಿಯಲ್ಲಿ ಅದು 50 ಆಗಬೇಕು.

ಸಿಲಿಕಾದಲ್ಲಿ ಒಂದು ದಿನದ ಉದ್ದಕ್ಕಿಂತ ಒಟ್ಟು ಸೇರಿದ ಧೂಳು ಮುಖ್ಯ. ನಾಲ್ಕು ದಿನ ಹನ್ನೆರಡು ಗಂಟೆಯಂತೆ ದುಡಿದರೂ ಆರು ದಿನ ಎಂಟು ಗಂಟೆಯಂತೆ ದುಡಿದರೂ ವಾರಕ್ಕೆ 48 ಗಂಟೆಯೇ. ಓವರ್‌ಟೈಮ್ ಸೇರಿದಾಗ ಲೆಕ್ಕ ತಪ್ಪುತ್ತದೆ: 144 ಗಂಟೆಯನ್ನು 13 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 11 ಗಂಟೆ, ಅಂದರೆ ಧೂಳಿನ ಹೊರೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಪಾಳಿಯನ್ನು ಉದ್ದ ಮಾಡಿದ ಕಾನೂನು ಮಿತಿಯನ್ನು ಅದಕ್ಕೆ ತಕ್ಕಂತೆ ಇಳಿಸುವ ಮಾತಾಡಲಿಲ್ಲ. ರಾಜ್ಯ ನಿಯಮಗಳಲ್ಲಿ ಕೆಲಸದ ಅವಧಿಯನ್ನೂ ಗಾಳಿಯ ಮಿತಿಯನ್ನೂ ಒಟ್ಟಿಗೆ ಬರೆಯುವಾಗ ಈ ಕೊಂಡಿಯನ್ನು ಜೋಡಿಸದಿದ್ದರೆ, ಎಂಟು ಗಂಟೆಯ ಮಿತಿ ಹನ್ನೆರಡು ಗಂಟೆಯ ಕಾರ್ಮಿಕನಿಗೆ ಸುರಕ್ಷತೆಯ ಸುಳ್ಳು ಭರವಸೆಯಾಗುತ್ತದೆ.

ತಪಾಸಣೆ ಅಳತೆಗೆ ಬದಲಿಯಲ್ಲ

ಮತ್ತೆ ಆ 40 ವರ್ಷದ ಸಾಲಿಗೆ ಬರಬೇಕು. ಅದು ಎಲ್ಲ ಕಾರ್ಮಿಕರಿಗೂ ಅನ್ವಯಿಸುವ ಸಾಮಾನ್ಯ ಸೌಲಭ್ಯ. ಅಪಾಯಕಾರಿ ಪ್ರಕ್ರಿಯೆಯಲ್ಲಿರುವವರಿಗೆ ವಯಸ್ಸಿನ ಹಂಗಿಲ್ಲದ ವಾರ್ಷಿಕ ತಪಾಸಣೆ 1987ರಿಂದಲೇ ಇತ್ತು. ಹೊಸ ಭರವಸೆ ಹಳೆಯದರ ಜಾಗಕ್ಕೆ ಬಂದಿದೆ ಎಂದು ಯಾವ ಕಾರ್ಖಾನೆಯೂ ಭಾವಿಸದಂತೆ ನಿಯಮಗಳು ಸ್ಪಷ್ಟವಾಗಿರಬೇಕು. ಇಪ್ಪತ್ತನೇ ವಯಸ್ಸಿಗೆ ಫೆಟ್ಲಿಂಗ್ ಕೆಲಸಕ್ಕೆ ಸೇರಿದವನಲ್ಲಿ, ಧೂಳು ತೀವ್ರವಾಗಿದ್ದರೆ, ಐದರಿಂದ ಹತ್ತು ವರ್ಷದೊಳಗೆ ಸಿಲಿಕೋಸಿಸ್ ಕಾಣಿಸಿಕೊಳ್ಳಬಹುದು. ಅವನಿಗೆ ನಲವತ್ತು ತುಂಬುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ.

ವಾರ್ಷಿಕ ತಪಾಸಣೆ ತಪ್ಪದೆ ನಡೆದರೂ ಅದು ಹೇಳುವುದು ಆಗಿಹೋದ ಹಾನಿಯನ್ನು. ಎಕ್ಸ್‌ರೇಯಲ್ಲಿ ಕಲೆ ಕಂಡಾಗ ಧೂಳು ವರ್ಷಗಟ್ಟಲೆ ಒಳಗೆ ಕೂತಾಗಿರುತ್ತದೆ. ಗಾಳಿಯ ಅಳತೆ ಹೇಳುವುದು ಇನ್ನೂ ಆಗಬೇಕಿರುವ ಹಾನಿಯನ್ನು, ಅದನ್ನು ತಡೆಯಲು ಸಮಯ ಇರುವಾಗಲೇ. ಅಂಕಿ ಮಿತಿ ಮೀರಿದರೆ ಮಾಡಬೇಕಾದ್ದು ಏನೆಂಬುದು ಗೊತ್ತಿರುವ ಸಂಗತಿ: ಧೂಳು ಏಳುವ ಜಾಗದಲ್ಲೇ ಹೀರುವ ಹುಡ್ ಹಾಕುವುದು, ಮರಳನ್ನು ಒದ್ದೆಯಾಗಿ ಇಡುವುದು, ಎರಕವನ್ನು ಮರಳಿನ ಬದಲು ಮುಚ್ಚಿದ ಕೋಣೆಯಲ್ಲಿ ಉಕ್ಕಿನ ಗುಂಡುಗಳಿಂದ ಉಜ್ಜುವುದು, ಕಂಪ್ರೆಸರ್ ಗಾಳಿಯಿಂದ ಬಟ್ಟೆ, ನೆಲ ಊದುವುದನ್ನು ನಿಲ್ಲಿಸಿ ವ್ಯಾಕ್ಯೂಮ್ ಬಳಸುವುದು. ಮಾಸ್ಕ್ ಇವೆಲ್ಲದರ ಕೊನೆಗೆ. ಮುಖಕ್ಕೆ ಸರಿಯಾಗಿ ಕೂರದ, ಕುಲುಮೆಯ ಸೆಕೆಯಲ್ಲಿ ಗಂಟೆಗೊಮ್ಮೆ ಕೆಳಗೆ ಸರಿಯುವ ಮಾಸ್ಕಿನ ಮೇಲೆ ಇಡೀ ಭಾರ ಹಾಕಿದರೆ ಹೊಣೆ ಕಾರ್ಮಿಕನ ತಲೆಗೆ ಬರುತ್ತದೆ.

ಅಂಕಿ ಯಾರ ಕೈಯಲ್ಲಿರಬೇಕು

ಅಳತೆಯ ರಿಜಿಸ್ಟರು ಮಾಲೀಕರ ಕಪಾಟಿನಲ್ಲಿರುತ್ತದೆ, ಬೇಕೆಂದಾಗ ಇನ್ಸ್‌ಪೆಕ್ಟರ್ ನೋಡುತ್ತಾರೆ. ಮಾಹಿತಿ ಕೇಳುವ ಹಕ್ಕು ಕಾರ್ಮಿಕನಿಗೆ ಸಂಹಿತೆಯಲ್ಲಿದೆ ನಿಜ, ಆದರೆ ಗುತ್ತಿಗೆಯಲ್ಲಿರುವವನು ಮಾಲೀಕರ ಮುಂದೆ ನಿಂತು ‘ನನ್ನ ಧೂಳಿನ ಅಂಕಿ ಕೊಡಿ’ ಎಂದು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಕೇಳದೆಯೇ ಸಿಗಬೇಕು: ಯಾವ ದಿನ, ಯಾವ ವಿಭಾಗ, ಯಾವ ಕೆಲಸ, ಎಷ್ಟು ಗಂಟೆಯ ಅಳತೆ, ಬಂದ ಅಂಕಿ, ಇರಬೇಕಾದ ಮಿತಿ ಇಷ್ಟನ್ನು ಕನ್ನಡದಲ್ಲೂ, ವಲಸೆ ಕಾರ್ಮಿಕರು ಹೆಚ್ಚಿರುವಲ್ಲಿ ಅವರ ಭಾಷೆಯಲ್ಲೂ ಆ ವಿಭಾಗದ ಗೋಡೆಗೆ ಹಚ್ಚಬೇಕೆಂದು ನಿಯಮ ಮಾಡುವುದಕ್ಕೆ ಖರ್ಚು ಏನೂ ಇಲ್ಲ.

ದಾಖಲೆ ಉಳಿಯುವ ಅವಧಿ ಇನ್ನೊಂದು ಪ್ರಶ್ನೆ. ಕಲ್ನಾರು ಉದ್ಯಮದ ಬಗ್ಗೆ 1995ರ ಜನವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ ಇಡಬೇಕೆಂದು ಹೇಳಿತು. ನಿಧಾನವಾಗಿ ಬಲಿಯುವ ರೋಗಕ್ಕೆ ಅಷ್ಟು ದೀರ್ಘ ದಾಖಲೆ ಬೇಕೇ ಬೇಕು. ಸಿಲಿಕಾಕ್ಕೂ ಇದೇ ತರ್ಕ ಅನ್ವಯಿಸುತ್ತದೆ, ಮತ್ತು ಆರೋಗ್ಯದ ದಾಖಲೆಯ ಜೊತೆಗೆ ಗಾಳಿಯ ದಾಖಲೆಯೂ ಉಳಿಯಬೇಕಾಗುತ್ತದೆ.

ಅದು ಇಲ್ಲದಾಗ ಏನಾಗುತ್ತದೆ ಎಂಬುದನ್ನು ಗುಜರಾತಿನ ಗೋಧ್ರಾದ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ನೋಡಬಹುದು. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಭಾಗದ ಆದಿವಾಸಿಗಳು ಅಲ್ಲಿಗೆ ಕೂಲಿಗೆ ಹೋಗಿ, ಕೆಲವೇ ತಿಂಗಳು ದುಡಿದು, ರೋಗ ಹೊತ್ತು ಊರಿಗೆ ಮರಳಿದರು. ಬಹುತೇಕರ ಬಳಿ ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದದ ಪುರಾವೆ ಇರಲಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಚಾರಣೆ ನಡೆಸಿತು. ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ ಗುಜರಾತ್ ಸರ್ಕಾರಕ್ಕೆ ಆದೇಶವಾದದ್ದು 2016ರ ಮೇ ತಿಂಗಳಲ್ಲಿ. ಇಂದು ಬಿಹಾರ, ಒಡಿಶಾಗಳಿಂದಲೂ ಉತ್ತರ ಕರ್ನಾಟಕದ ಹಳ್ಳಿಗಳಿಂದಲೂ ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಬಂದು, ಎರಡು ವರ್ಷ ಒಂದು ಶೆಡ್ಡಿನಲ್ಲಿ, ಮೂರು ವರ್ಷ ಇನ್ನೊಂದರಲ್ಲಿ ಫೆಟ್ಲಿಂಗ್ ಮಾಡಿ ಹೊರಟುಹೋಗುವ ಕಾರ್ಮಿಕನಿಗೆ ಹದಿನೈದು ವರ್ಷದ ನಂತರ ಉಸಿರು ಸಿಕ್ಕಿಕೊಂಡರೆ, ಅವನ ರೋಗಕ್ಕೂ ಈ ಶೆಡ್ಡುಗಳಿಗೂ ಇರುವ ಸಂಬಂಧವನ್ನು ತೋರಿಸಬಲ್ಲದ್ದು ಅವನ ಹೆಸರಿನಲ್ಲಿ, ಅವನು ಮಾಡಿದ ಕೆಲಸದ ಎದುರು, ಆ ವರ್ಷಗಳ ಗಾಳಿಯ ಅಂಕಿಯನ್ನು ಬರೆದಿಟ್ಟ ದಾಖಲೆ. ಆ ದಾಖಲೆಯನ್ನು ಯಾರು ತಯಾರಿಸಬೇಕು, ಎಷ್ಟು ವರ್ಷ ಇಡಬೇಕು, ಘಟಕ ಮುಚ್ಚಿದರೆ ಅದು ಯಾರ ವಶಕ್ಕೆ ಹೋಗಬೇಕು ಎಂಬುದನ್ನು ರಾಜ್ಯದ ನಿಯಮಗಳೇ ಹೇಳಬೇಕಾಗಿದೆ.